ಹತ್ತು ರೂಪಾಯಿಗೆ ಹದಿನಾಲ್ಕು ಪಾರಿವಾಳ

ದಾದಿ, ಅಂದರೆ ನನ್ನ ಅಪ್ಪನ ಅಮ್ಮ, ನನ್ನೊಂದಿಗೆ ಕನ್ನಡ ಮಾತಾಡುವುದು ಜಗಳವಾಡುವಾಗ ಮಾತ್ರ. ಉಳಿದ ಹೊತ್ತೆಲ್ಲ ಶಿವಾಜಿನಗರದ ನಮ್ಮ ಗಲ್ಲಿಯ ಇತರ ಮನೆಗಳ ಹಾಗೆ ನಮ್ಮದೂ ದಖ್ಖನಿ ಉರ್ದು. ಆದರೆ ನಾನು ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು; ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ಅಲೆದು, ಗೆದ್ದ ಕಪ್‌ಗಳನ್ನು ಟೀವಿ ಸ್ಟ್ಯಾಂಡಿನ ಮೇಲೆ ಸಾಲಾಗಿ ನಿಲ್ಲಿಸಿದವಳು. ಅವನ್ನು ವಾರಕ್ಕೊಮ್ಮೆ ಒರೆಸುವ ಕೆಲಸ ದಾದಿಯದು. ಒರೆಸುತ್ತ ಒರೆಸುತ್ತ ಆಕೆ ಒಂದು ತೀರ್ಮಾನಕ್ಕೆ ಬಂದಳು: ಈ ಹುಡುಗಿಯನ್ನು ಇವಳ ಮೈದಾನದಲ್ಲೇ ಸೋಲಿಸಬೇಕು. ಅಂದಿನಿಂದ ದಾದಿಯ ಬಾಯಿಂದ ಕನ್ನಡ ಹೊರಟರೆ ಮನೆಯವರು ಟೀವಿಯ ಸದ್ದು ಕಡಿಮೆ ಮಾಡುತ್ತಾರೆ.

ಈ ವರ್ಷ ಆಕೆ ಉಮ್ರಾ ಯಾತ್ರೆಗೆಂದು ಮೆಕ್ಕಾಗೆ ಹೊರಟಿದ್ದಳು. ಟಿಕೆಟ್ಟಾಗಿತ್ತು, ವೀಸಾ ಆಗಿತ್ತು. ನನ್ನ ಚಾಚಾ, ಅಂದರೆ ಅಪ್ಪನ ತಮ್ಮ, ತನ್ನ ಬ್ಯಾಗಿನ ಅಂಗಡಿಯಿಂದ ನಾಲ್ಕು ಚಕ್ರದ ಸೂಟ್‌ಕೇಸು ತಂದು ಹಜಾರದಲ್ಲಿ ಉರುಳಿಸಿ ತೋರಿಸಿದ್ದ. ಹೊರಡಲು ಮೂರು ವಾರ ಇದೆ ಅನ್ನುವಾಗ, ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ದಾದಿ ಕನ್ನಡದಲ್ಲಿ ಕೇಳಿದಳು:

"ಹತ್ತು ರೂಪಾಯಿಗೆ ಎಷ್ಟು ರಿಯಾಲ್ ಬರ್ತದೆ?"

ಚಾಚಾ ರಿಮೋಟ್ ಎತ್ತಿಕೊಂಡ. ನಾನು ಫೋನ್ ನೋಡಿದೆ. ಒಂದು ಸೌದಿ ರಿಯಾಲಿಗೆ ಇಪ್ಪತ್ತನಾಲ್ಕು ರೂಪಾಯಿಯ ಆಸುಪಾಸು.

"ಅರ್ಧ ರಿಯಾಲೂ ಬರಲ್ಲ ದಾದಿ."

"ಸುಳ್ಳು."

"ಹೇಳ್ತಿರೋದು ಫೋನು, ನಾನಲ್ಲ."

"ಯಾವ ಹತ್ತು ರೂಪಾಯಿ ಅಂತ ನಿನ್ನ ಫೋನು ಕೇಳಿತಾ?"

ಕೇಳಿರಲಿಲ್ಲ. ನಾನು ಆಟದ ಮೊದಲ ಅಂಕ ಕಳೆದುಕೊಂಡದ್ದು ಅಲ್ಲೇ.

ದಾದಿ ಎದ್ದು ಹೋಗಿ ತನ್ನ ಟ್ರಂಕಿನಿಂದ ಒಂದು ಬಟ್ಟೆಯ ಸುರುಳಿ ತಂದಳು. ಬಿಚ್ಚಿದರೆ ಒಳಗೆ ಒಂದು ನೀಲಿ ನೋಟು. ಹತ್ತು ರೂಪಾಯಿಯದು, ನಮ್ಮ ದೇಶದ್ದೇ, ಅಶೋಕಸ್ತಂಭವಿದ್ದ ನೋಟು. ಆದರೆ ಎರಡೂ ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಹಜ್' ಎಂದು ಅಚ್ಚು ಹಾಕಿತ್ತು. ಇನ್ನೊಂದು ವಿಚಿತ್ರ: ನೋಟಿನ ನಾಲ್ಕೂ ಅಂಚಿನಲ್ಲಿ, ಇರುವೆ ಸಾಲಿನಷ್ಟು ನೇರವಾಗಿ, ಸಣ್ಣ ಸಣ್ಣ ತೂತುಗಳು.

"ಇದು ನಕಲಿ ನೋಟು," ಎಂದೆ. ಗೊತ್ತಿಲ್ಲದ್ದನ್ನು ಮೊದಲು ಅಲ್ಲಗಳೆಯುವುದು ನನ್ನ ತರಬೇತಿ. "ಇಂಥಾ ನೋಟು ಯಾವತ್ತೂ ಇರ್ಲಿಲ್ಲ."

"ಮೂರು ವರ್ಷ ಇದನ್ನೇ ಕಲಿಸಿದ್ರಾ ಕಾಲೇಜಲ್ಲಿ? ನೋಡ್ದೆ ಹೇಳೋದು?"

ನೋಡಿದೆ. ಆ ಮಧ್ಯಾಹ್ನವೆಲ್ಲ ನೋಡಿದೆ, ಮತ್ತು ಓದುತ್ತ ಓದುತ್ತ ನನ್ನ ಧ್ವನಿ ಸಣ್ಣದಾಗುತ್ತ ಹೋಯಿತು. ಒಂದು ಕಾಲಕ್ಕೆ ಕೊಲ್ಲಿಯ ಎಷ್ಟೋ ಊರುಗಳ ಸಂತೆಯಲ್ಲಿ ನಮ್ಮ ರೂಪಾಯಿಯೇ ಓಡಾಡುತ್ತಿತ್ತಂತೆ. ಸೌದಿಯವರು ತಮ್ಮ ಬೆಳ್ಳಿಯ ರಿಯಾಲನ್ನು ಟಂಕಿಸಿದಾಗ ನಮ್ಮ ಬೆಳ್ಳಿ ರೂಪಾಯಿಯ ತೂಕಕ್ಕೇ ಸರಿ ಮಾಡಿದ್ದರಂತೆ, ಅಣ್ಣನ ಅಳತೆ ಕೊಟ್ಟು ತಮ್ಮನಿಗೆ ಅಂಗಿ ಹೊಲಿಸಿದ ಹಾಗೆ. ಆಮೇಲೆ ಚಿನ್ನದ ಕಳ್ಳಸಾಗಣೆಯವರು ಇಲ್ಲಿನ ನೋಟುಗಳನ್ನು ಹೊರಗೆ ಸಾಗಿಸಿ ಬದಲಿಸಿಕೊಳ್ಳುವುದು ವಿಪರೀತವಾದಾಗ, ಸರ್ಕಾರ ಹೊರಗಡೆಗೆ ಬೇರೆಯೇ ನೋಟು ಅಚ್ಚು ಹಾಕಿತು. ಹಜ್ ಯಾತ್ರಿಕರಿಗೆ ಈ ನೀಲಿಯದು. ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಭಾರತದ ನೋಟು, ಭಾರತದಲ್ಲಿ ಅದಕ್ಕೆ ಒಂದು ಬೀಡಾ ಕೂಡ ಬರುವುದಿಲ್ಲ.

"ಸರಿ, ನೋಟು ಅಸಲಿ," ಎಂದು ಒಪ್ಪಿಕೊಂಡೆ. "ಇದು ನಿನ್ನ ಹತ್ರ ಯಾಕಿದೆ?"

ಆಗ ದಾದಿ ದಖ್ಖನಿಗೆ ತಿರುಗಿದಳು. ಜಗಳ ಮುಗಿದಿತ್ತು, ಇದು ಬೇರೆ ಮಾತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಮುಂದೆ ಬರುವ ಚಾಚಾನ ಮಾತೂ ಅನುವಾದವೇ, ಬೈಗುಳದ ಸೊಗಸು ಕಡಿಮೆಯಾಗಿದ್ದರೆ ತಪ್ಪು ನನ್ನದು.

ದಾದಿಯ ಅಪ್ಪ, ಆಕೆ ಬಾವಾ ಎಂದು ಕರೆಯುತ್ತಿದ್ದವರು, ದಂಡಿನ ಪ್ರದೇಶದಲ್ಲಿ ಹೆಸರು ಮಾಡಿದ್ದ ಕೋಟಿನ ಟೈಲರ್. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಬೊಂಬಾಯಿಯಿಂದ ಹಡಗು ಹತ್ತಿ ಹಜ್‌ಗೆ ಹೋದರು. ಆಗ ದಾದಿಗೆ ಎಂಟು ವರ್ಷ. ಹೊರಡುವ ಮುನ್ನ, ಹಲಸೂರಿನಿಂದ ಮನೆಗೆ ಹಾಲು ಹಾಕುತ್ತಿದ್ದ ಹೆಂಗಸು, ಹಾಲಿನಮ್ಮ, ಅವರ ಕೈಗೆ ಹತ್ತು ರೂಪಾಯಿ ಕೊಟ್ಟಳು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅವಳ ಗಂಡನಿಗೆ ಪಂದ್ಯದ ಪಾರಿವಾಳಗಳ ಹುಚ್ಚಿತ್ತು. ಚಾವಣಿ ತುಂಬ ಗೂಡು. ಅವನು ತೀರಿಕೊಂಡ ಮೇಲೆ ಮೇವಿಗೆ ಗತಿಯಿಲ್ಲದೆ ಹಕ್ಕಿಗಳನ್ನೆಲ್ಲ ಮಾರಿಬಿಟ್ಟಳು. ಮಾರಿದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ.

"ಅಲ್ಲಿ ಪಾರಿವಾಳ ಹಿಡಿಯಂಗಿಲ್ವಂತೆ, ಮಾರಂಗಿಲ್ವಂತೆ, ಹೌದಾ ಸಾಬರೇ?" ಎಂದು ಕೇಳಿದ್ದಳಂತೆ. "ಹಂಗಾದ್ರೆ ಈ ದುಡ್ಡಿಗೆ ಅವುಕ್ಕೆ ಕಾಳು ಹಾಕಿ. ನನ್ನ ಗಂಡನ ಹಕ್ಕಿಗಳ ಲೆಕ್ಕದಲ್ಲಿ."

ಬಾವಾ ಬೊಂಬಾಯಿಯಲ್ಲಿ ಆ ಹತ್ತನ್ನು ಈ ನೀಲಿ ಹತ್ತಕ್ಕೆ ಬದಲಾಯಿಸಿದರು. ಬೇರೆಯವರ ದುಡ್ಡು ತಮ್ಮದರೊಂದಿಗೆ ಬೆರೆಯಬಾರದೆಂದು ಕೋಟಿನ ಅಸ್ತರಿನೊಳಗೆ ಇಟ್ಟು ಹೊಲಿದರು. ಅವರು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದ ಜಂಬವೇ ಅದು: ನನ್ನ ಹೊಲಿಗೆ ಎಲ್ಲಿದೆ ಅಂತ ಹುಡುಕಿ ತೋರಿಸಿ! ಅಲ್ಲಿ ಹೋಗಿ ನೋಡಿದರೆ ಆ ಹೊಲಿಗೆ ಅವರಿಗೇ ಸಿಗಲಿಲ್ಲ. ದಾರಿಯ ಭಯಕ್ಕೆ ನಾಲ್ಕು ಕಳ್ಳ ಜೇಬು ಮಾಡಿಕೊಂಡಿದ್ದರು, ಮೂರು ಸಿಕ್ಕವು. ನಾಲ್ಕನೆಯದಕ್ಕಾಗಿ ಅಸ್ತರಿನ ಮೇಲೆಲ್ಲ ಬೆರಳಾಡಿಸಿ ಆಡಿಸಿ, ದುಡ್ಡು ಹಡಗಿನಲ್ಲೇ ಬಿದ್ದುಹೋಯಿತೆಂದು ಕೈಬಿಟ್ಟರು.

"ಕೋಟನ್ನೇ ಬಿಚ್ಚಿ ನೋಡಬಹುದಿತ್ತಲ್ಲ?" ಎಂದೆ.

"ಟೈಲರ್ ಕಣಮ್ಮಾ ಅವರು! ತಾನೇ ಹೊಲಿದ ಕೋಟಿಗೆ ಕತ್ತರಿ ಹಾಕ್ತಾರಾ?"

"ಸ್ವಂತ ದುಡ್ಡಿನಿಂದ ಕಾಳು ಹಾಕಬಹುದಿತ್ತಲ್ಲ?"

"ಉಳಿದಿದ್ದು ವಾಪಸು ಬರೋ ಖರ್ಚಿಗಷ್ಟೇ."

ಅವರು ಊರಿಗೆ ಬಂದ ದಿನ ಹಾಲಿನಮ್ಮ ತನ್ನ ಮಗಳನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಮಗಳು ದಾದಿಯ ಓರಗೆಯವಳು, ಜೊತೆಗಾತಿ. "ಹಕ್ಕಿಗಳು ತಿಂದ್ವಾ ಸಾಬರೇ?" ಎಂದು ಕೇಳಿದಳು. ಮನೆ ತುಂಬ ನೆಂಟರು, ಕೊರಳ ತುಂಬ ಹಾರ. ಬಾವಾ ಅಂದರು: "ಹೊಟ್ಟೆ ತುಂಬ ತಿಂದವಮ್ಮ."

ಕೆಲವು ವರ್ಷಗಳ ಮೇಲೆ, ಸರ್ಕಾರ ರೂಪಾಯಿಯ ಬೆಲೆ ಇಳಿಸಿದ ವರ್ಷವೇ, ಸವೆದ ಕೋಟನ್ನು ಒಳಮಗ್ಗುಲು ಹೊರಗಾಗುವಂತೆ ತಿರುಗಿಸಿ ಹೊಲಿಯಲು ಅಸ್ತರು ಬಿಚ್ಚಿದಾಗ ನೋಟು ಸಿಕ್ಕಿತು. ಸೂಜಿ ಅಂಚಿನುದ್ದಕ್ಕೂ ನೋಟನ್ನು ಹಿಡಿದು ಹೊಲಿದಿತ್ತು. ಮುಂದೆ ಹಜ್‌ಗೆ ಹೋಗುವ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಬಹುದಿತ್ತು. ಆದರೆ ಕೊಟ್ಟರೆ ಯಾಕೆಂದು ಕೇಳುತ್ತಾರೆ. ಹೇಳಿದರೆ ಸುಳ್ಳೂ ಹೊರಬರುತ್ತದೆ, ಅದಕ್ಕಿಂತ ಹೆಚ್ಚಾಗಿ, ಟೈಲರ್ ತನ್ನ ಹೊಲಿಗೆಗೇ ಸೋತ ಕಥೆ ಶಿವಾಜಿನಗರವನ್ನೆಲ್ಲ ಸುತ್ತುತ್ತದೆ. ಕೊನೆಗಾಲದಲ್ಲಿ ಮಗಳಿಗೆ ನೋಟು ಕೊಟ್ಟು ಹೇಳಿದರು: ನೀನು ಹೋದಾಗ ಹಾಕು.

"ಈಗ ಹೇಳು ವಕೀಲಮ್ಮಾ," ಎಂದು ದಾದಿ ಕನ್ನಡಕ್ಕೆ ಮರಳಿದಳು. "ಎಷ್ಟು ರಿಯಾಲಿನ ಕಾಳು ಹಾಕ್ಲಿ?"

ಇಂಥ ವಿಷಯ ಸಿಕ್ಕರೆ ನಾನು ಊಟ ಬಿಡುತ್ತೇನೆ. ಸಂಜೆಯೊಳಗೆ ನನ್ನ ವಾದ ಸಿದ್ಧವಾಗಿತ್ತು. ಚಾಚಾ ವಿರೋಧದ ಪಕ್ಷ ವಹಿಸಿದ. ಅವನಿಗೆ ವಿಷಯದಲ್ಲಿ ಆಸಕ್ತಿಯಿರಲಿಲ್ಲ, ನನ್ನನ್ನು ಸೋಲಿಸುವುದರಲ್ಲಿ ಇತ್ತು.

"ಹತ್ತು ರೂಪಾಯಿ ಅಂದ್ರೆ ಹತ್ತು ರೂಪಾಯಿ," ಎಂದ ಚಾಚಾ. "ಇವತ್ತಿನ ದರಕ್ಕೆ ಅರ್ಧ ರಿಯಾಲ್. ಅಮ್ಮೀ, ಒಂದು ಹಿಡಿ ಕಾಳು ಎಸೆದು ಬಾ, ಮುಗೀತು."

"ಬಾವಾ ಹೋದಾಗ ಡಾಲರಿಗೆ ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆ," ಎಂದೆ. "ಅಲ್ಲಿ ಡಾಲರಿಗೆ ನಾಲ್ಕೂವರೆ ರಿಯಾಲ್. ಅಂದ್ರೆ ನಮ್ಮ ಹತ್ತಕ್ಕೆ ಹೆಚ್ಚುಕಡಿಮೆ ಒಂಬತ್ತೂವರೆ. ಹಾಲಿನಮ್ಮ ಕೊಟ್ಟಿದ್ದು ಒಂಬತ್ತೂವರೆ ರಿಯಾಲಿನ ಕಾಳು. ಅರ್ಧ ರಿಯಾಲ್ ಹಾಕಿದ್ರೆ ಅದು ಮೋಸ."

"ನೋಟು ಸಿಕ್ಕಿದ್ದು ರೂಪಾಯಿ ಬಿದ್ದ ಮೇಲೆ."

"ಹೌದು, ಅರವತ್ತಾರರ ಜೂನಲ್ಲಿ. ಡಾಲರಿಗೆ ಏಳೂವರೆ ಮಾಡಿದ್ರು. ಅಸ್ತರಿನೊಳಗೆ ಮಲಗಿದ್ದ ಹತ್ತು ರೂಪಾಯಿ ಒಂದೇ ಏಟಿಗೆ ಆರು ರಿಯಾಲ್ ಆಯ್ತು. ಅದಕ್ಕೆ ಹಾಲಿನಮ್ಮ ಹೊಣೆಯಾ?"

"ಬಾವಾ ಹೊಣೆಯಾ? ರೂಪಾಯಿ ಇಳಿಸಿದ್ದು ಬಾವಾನಾ?"

"ಕೋಟು ಹೊಲಿದಿದ್ದು ಬಾವಾ!"

"ಅರೆ, ಹೊಲಿಗೆ ಚೆನ್ನಾಗಿತ್ತು ಅನ್ನೋದೂ ತಪ್ಪಾ ಈಗ?"

ನಾವಿಬ್ಬರೂ ದಾದಿಯ ಕಡೆ ತಿರುಗಿದೆವು. ಆಕೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಒಂಬತ್ತೂವರೆ ನಕ್ಕೋ," ಎಂದಳು, ಬೇಡ ಎಂದು. "ಆರೂ ನಕ್ಕೋ. ಅರ್ಧವೂ ನಕ್ಕೋ. ಸರಿಯಾಗಿ ಯೋಚನೆ ಮಾಡಿ."

ಚಾಚಾ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅವನ ತಲೆಯಲ್ಲಿ ಬೇರೊಂದು ದರ ಓಡುತ್ತಿತ್ತು. ಹಳೆಯ ನೋಟು ಕೊಳ್ಳುವ ವ್ಯಾಪಾರಿಯೊಬ್ಬನ ನಂಬರು ಹುಡುಕಿ, ನೋಟಿನ ಫೋಟೋ ಕಳಿಸಿ, ಸ್ಪೀಕರ್ ಹಾಕಿ ಮಾತಾಡಿದ. ಒಂದು ಹೊಸ ಸ್ಕೂಟರಿನ ಬೆಲೆ ಬಂದೀತೆಂಬ ಹೊಳಪು ಅವನ ಕಣ್ಣಲ್ಲಿತ್ತು. 

"ಸಾರ್, ಏನಿದು ಸುತ್ತ ತೂತು? ಗೆದ್ದಲಾ?"

"ಹೊಲಿಗೆ," ಎಂದ ಚಾಚಾ.

"ನೋಟನ್ನ ಯಾರು ಸಾರ್ ಹೊಲೀತಾರೆ! ಕಂಡೀಷನ್ ಹೋಯ್ತು. ಇಟ್ಕೊಳ್ಳಿ, ಮಕ್ಕಳಿಗೆ ತೋರಿಸಿ."

ಅಲ್ಲಿಗೆ ಸ್ಕೂಟರ್ ನಿಂತಿತು. ನನಗೆ ಒಳಗೊಳಗೇ ಖುಷಿಯಾಯಿತು, ವಾದದ ಕಣದಲ್ಲಿ ಒಬ್ಬ ಅಭ್ಯರ್ಥಿ ಕಡಿಮೆಯಾದನೆಂದು.

ಹತ್ತು ದಿನ ಕಳೆಯಿತು. ನಾನು ದಿನಕ್ಕೊಂದು ಹೊಸ ಲೆಕ್ಕ ತಂದೆ. ಚಿನ್ನದ ಬೆಲೆಯಲ್ಲಿ ಅಳೆದೆ, ಅಕ್ಕಿಯ ಬೆಲೆಯಲ್ಲಿ ಅಳೆದೆ. ರಿಯಾಲು ಈಗ ಡಾಲರಿಗೆ ಮೂರೂ ಮುಕ್ಕಾಲರಂತೆ ಮೊಳೆ ಹೊಡೆದು ಕೂತಿದೆ, ಅದು ಕದಲುವುದಿಲ್ಲ, ಕದಲುವುದೆಲ್ಲ ನಮ್ಮದೇ, ಎಂದು ಗ್ರಾಫ್ ತೋರಿಸಿದೆ. ದಾದಿ ಕನ್ನಡಕ ಏರಿಸಿ ಗ್ರಾಫ್ ನೋಡಿ, "ಚೆನ್ನಾಗಿದೆ, ಮೆಟ್ಟಿಲಿದ್ದ ಹಾಗಿದೆ," ಎಂದು ಫೋನ್ ವಾಪಸು ಕೊಟ್ಟಳು. ಯಾವ ಲೆಕ್ಕವೂ ಆಕೆಗೆ ಸರಿಬರಲಿಲ್ಲ. ಸೂಟ್‌ಕೇಸು ಮಾತ್ರ ತುಂಬುತ್ತಿತ್ತು.

ಹನ್ನೊಂದನೆಯ ದಿನ ನನಗೆ ಹೊಳೆಯಿತು. ಹೊಳೆಯಲು ಅಷ್ಟು ದಿನ ಬೇಕಾದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಚರ್ಚೆಯಲ್ಲಿ ಒಂದು ಹಳೆಯ ಉಪಾಯವಿದೆ: ವಿಷಯಕ್ಕೆ ಬರಲು ಇಷ್ಟವಿಲ್ಲದವನು ವ್ಯಾಖ್ಯೆಯ ಮೇಲೆಯೇ ಜಗಳ ತೆಗೆದು ಗಂಟೆ ಹೊಡೆಯುವವರೆಗೆ ಎಳೆಯುತ್ತಾನೆ. ನಾನೇ ಎಷ್ಟೋ ಸಲ ಎಳೆದಿದ್ದೇನೆ.

"ದಾದಿ, ನಿನಗೆ ಬೇಕಾಗಿರೋದು ದರನಾ, ನೆಪನಾ?"

ಆಕೆ ಸೂಟ್‌ಕೇಸಿಗೆ ಉಪ್ಪಿನಕಾಯಿ ಡಬ್ಬಿ ಇಡುತ್ತಿದ್ದಳು. ಕೈ ನಿಂತಿತು.

"ಹಾಲಿನಮ್ಮ ಈಗಿಲ್ಲ," ಎಂದೆ. "ಮಗಳಿದ್ದಾರೆ. ನಿನ್ನ ಗೆಳತಿ. ಅವರಿಗೆ ಹೇಳಿದ್ದೀಯಾ?"

"ಹೇಳದೇನೂ ಕಾಳು ಹಾಕಬಹುದಲ್ಲ."

"ಹಾಕಬಹುದು. ಆಮೇಲೆ ಅವರು ಸಿಕ್ಕಾಗ ಏನಂತೀಯ?"

ದಾದಿ ಡಬ್ಬಿಯನ್ನು ತೆಗೆದಳು, ಇಟ್ಟಳು, ಮತ್ತೆ ತೆಗೆದಳು. "ಅರವತ್ತು ವರ್ಷದ ದೋಸ್ತಿ. ಅವಳ ಮದುವೆಗೆ ಬ್ಲೌಸು ಹೊಲಿದವಳು ನಾನು. ಬಾಗಿಲಲ್ಲಿ ಬಾವಾ ಸುಳ್ಳು ಹೇಳಿದಾಗ ನಾವಿಬ್ಬರೂ ಕೈ ಹಿಡ್ಕೊಂಡು ನಿಂತಿದ್ವಿ. ಅವಳು ನಂಬಿದಳು. ನೋಟು ನನ್ನ ಕೈಗೆ ಬಂದ ದಿನದಿಂದ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಈಗ ಹೋಗಿ ಹೇಳಿದ್ರೆ, ಬಾವಾ ಸುಳ್ಳುಗಾರ ಆಗ್ತಾರೆ. ಹೇಳದಿದ್ರೆ ನಾನು."

ಗೆಳತಿಗೆ ಹೇಳದೆ ಮೆಕ್ಕಾದಲ್ಲಿ ಕಾಲಿಡಲು ಆಕೆಗೆ ಮನಸ್ಸಿಲ್ಲ, ಹೇಳಲು ಧೈರ್ಯವಿಲ್ಲ. ಒಂಬತ್ತೂವರೆಯೋ ಅರ್ಧವೋ ಎಂಬುದು ಅಡ್ಡಗೋಡೆ ಮಾತ್ರ. ನಾನು ಹತ್ತು ದಿನ ಇಟ್ಟಿಗೆ ಸರಬರಾಜು ಮಾಡಿದ್ದೆ.

ಹಾಲಿನಮ್ಮನ ಮಗಳ ಮನೆ ಕೆ.ಆರ್. ಪುರದಲ್ಲಿ. ಮರುದಿನ ಬೆಳಿಗ್ಗೆ ಆಟೋದಲ್ಲಿ ಎಂ.ಜಿ. ರೋಡಿಗೆ ಹೋಗಿ ಮೆಟ್ರೋ ಹತ್ತಿದೆವು. ದಾದಿಯ ಕೈಚೀಲದಲ್ಲಿ ಬಟ್ಟೆಯ ಸುರುಳಿ. ಹಲಸೂರು ನಿಲ್ದಾಣ ಬಂದಾಗ ಆಕೆ ಕಿಟಕಿಯಾಚೆ ಚಾವಣಿಗಳತ್ತ ನೋಡಿದಳು. ಎಲ್ಲೋ ಒಂದೆಡೆ ಇನ್ನೂ ಪಾರಿವಾಳದ ಗೂಡು ಕಾಣಿಸಿತು, ಅಥವಾ ಅದು ನೀರಿನ ಟ್ಯಾಂಕಿನ ಚೌಕಟ್ಟೋ, ಖಚಿತವಾಗಿ ಹೇಳಲಾರೆ. ಇಂದಿರಾನಗರ ದಾಟುವಷ್ಟರಲ್ಲಿ ನಾವು ಮತ್ತೆ ಜಗಳಕ್ಕಿಳಿದಿದ್ದೆವು.

"ನಾನು ಮೊದಲು ದರದ ವಿಷಯ ಎತ್ತುತ್ತೀನಿ," ಎಂದೆ. "ನೆಲ ಸಿದ್ಧ ಮಾಡ್ತೀನಿ. ಆಮೇಲೆ ನೀನು ಸುಳ್ಳಿನ ವಿಷಯ ಹೇಳು."

"ನೀನು ಬಾಯೇ ತೆಗೀಬೇಡ."

"ಹಿನ್ನೆಲೆ ಇಲ್ದೆ ಅವರಿಗೆ ಹೇಗೆ ಅರ್ಥ ಆಗತ್ತೆ?"

"ಅವಳು ನಲವತ್ತು ವರ್ಷ ಹಾಲು ಅಳೆದವಳು. ನಿನಗಿಂತ ಬೇಗ ಅರ್ಥ ಆಗ್ತದೆ."

ಹೀಗೆ ಒಬ್ಬರಿಗೊಬ್ಬರು ಅವಕಾಶ ಕೊಡದೆ ಮಾತಾಡಿ, ಕೆ.ಆರ್. ಪುರ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಗರುಡಾಚಾರ್‌ಪಾಳ್ಯದಲ್ಲಿ ಇಳಿದು, ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಜನರ ನಡುವೆ ತೂರಿಕೊಂಡು ವಾಪಸು ರೈಲು ಹಿಡಿದೆವು. ದಾದಿಗೆ ಇದು ಬೇಕಿತ್ತೆಂದು ನನ್ನ ಅನುಮಾನ. ಎರಡು ನಿಲ್ದಾಣದಷ್ಟು ಧೈರ್ಯ ಕಡಿಮೆಯಿತ್ತು.

ಮನೆಯ ಮುಂದೆ ಎರಡು ಹಸು. ಇಷ್ಟೆಲ್ಲ ಅಪಾರ್ಟ್‌ಮೆಂಟುಗಳ ನಡುವೆಯೂ ಅವು ಕಟ್ಟಿದಲ್ಲೇ ಮೆಲುಕು ಹಾಕುತ್ತಿದ್ದವು. ನಾನು 'ಕೆ.ಆರ್. ಪುರದ ಅಜ್ಜಿ' ಎಂದು ಕರೆಯುವ ಆ ಗೆಳತಿ ಬಾಗಿಲಲ್ಲೇ ಕೂಗಿದರು.

"ಏನೇ, ಟೈಲರ್ ಮಗಳೇ! ವಿಮಾನ ಹತ್ತೋಕೆ ಮುಂಚೆ ನೆನಪಾಯ್ತಾ ನಾನು? ಬಾ, ಬಾ. ಈ ಲಾಯರಮ್ಮನ್ನೂ ಕರ್ಕೊಂಡು ಬಂದಿದ್ದೀಯ. ಯಾವ ಕೇಸು?"

ಕಾಫಿ ಬಂತು. ದಾದಿ ಲೋಟ ಮುಟ್ಟಲಿಲ್ಲ. ಸುರುಳಿ ಬಿಚ್ಚಿ ನೋಟನ್ನು ಚಾಪೆಯ ಮೇಲಿಟ್ಟಳು, ಮತ್ತು ನಾಲ್ಕೇ ವಾಕ್ಯದಲ್ಲಿ ಹೇಳಿ ಮುಗಿಸಿದಳು. ಇಷ್ಟು ದಿನ ಆಕೆಯೊಂದಿಗೆ ವಾದ ಮಾಡಿದವಳು ನಾನು. ಆಕೆ ಇಷ್ಟು ಕಡಿಮೆ ಮಾತಾಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ. "ಇದು ನಿಮ್ಮಮ್ಮ ಕೊಟ್ಟ ಹತ್ತು ರೂಪಾಯಿ. ಬಾವಾ ಕಾಳು ಹಾಕ್ಲಿಲ್ಲ. ಹಾಕಿದೆ ಅಂತ ಸುಳ್ಳು ಹೇಳಿದ್ರು. ನಂಗೆ ಗೊತ್ತಿತ್ತು."

ಅಜ್ಜಿ ನೋಟನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ತೂತುಗಳಿಂದ ಬೆಳಕು ಚುಕ್ಕಿ ಚುಕ್ಕಿಯಾಗಿ ಅವರ ಕೆನ್ನೆಯ ಮೇಲೆ ಬಿತ್ತು. 

"ನಮ್ಮಮ್ಮ ಸಾಯೋವರ್ಗೂ ಹೇಳ್ತಿದ್ಳು," ಎಂದರು. "ಯಾವ ಹಕ್ಕಿ ಹಸಿದಿದ್ರೂ ನಮ್ಮ ಹಕ್ಕಿ ಹಸಿದಿಲ್ಲ ಅಂತ. ಮೆಕ್ಕಾದಾಗೆ ಹೊಟ್ಟೆ ತುಂಬ ತಿಂದವೆ ಅಂತ. ನಾನೂ ನನ್ನ ಮಕ್ಕಳಿಗೆ ಹಂಗೇ ಹೇಳಿದ್ದೀನಿ ಕಣೇ."

ದಾದಿ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ.

"ಅಜ್ಜೀ, ಆಗಿನ ದರದಲ್ಲಿ ಅದು ಒಂಬತ್ತೂವರೆ ರಿಯಾಲ್—"

"ನೀನು ಸುಮ್ಕಿರವ್ವ." ಅವರು ದಾದಿಯ ಕಡೆಗೇ ನೋಡುತ್ತಿದ್ದರು. "ನಂಗೇನು ಹೇಳ್ತೀಯ? ದುಡ್ಡು ನಂದಾ? ಅಲ್ಲಿ ಹೇಳು."

ಗೋಡೆಯ ಮೇಲೆ ಹಾಲಿನಮ್ಮನ ಫೋಟೋ ಇತ್ತು. ಪ್ಲಾಸ್ಟಿಕ್ ಹೂವಿನ ಹಾರ, ಪಕ್ಕದಲ್ಲಿ ಸಣ್ಣ ಕೆಂಪು ಬಲ್ಬು. ಫೋಟೋದಲ್ಲಿದ್ದ ಹೆಂಗಸು ಹುಬ್ಬು ಗಂಟಿಕ್ಕಿ, ಹಾಲಿಗೆ ನೀರು ಬೆರೆಸಿದ್ದೀರೆಂದು ಯಾರೋ ತನಗೆ ಅಂದ ಹಾಗೆ ನೋಡುತ್ತಿದ್ದಳು. ದಾದಿ ಎದ್ದಳು. ಮಂಡಿ ನೋವಿದ್ದರೂ ಯಾರ ಕೈಯನ್ನೂ ಹಿಡಿಯದೆ ಎದ್ದಳು. ಫೋಟೋದ ಎದುರು ನಿಂತು ಅದೇ ನಾಲ್ಕು ವಾಕ್ಯ ಹೇಳಿದಳು. ಈ ಸಲ ಕೊನೆಯದನ್ನು ಎರಡು ಬಾರಿ ಹೇಳಿದಳು.

"ಹ್ಞೂಂ," ಎಂದರು ಅಜ್ಜಿ. ಆಮೇಲೆ ನನ್ನತ್ತ ಬೆರಳು ಮಾಡಿದರು. "ನೀನೇನೋ ಒಂಬತ್ತೂವರೆ ಅಂದ್ಯಲ್ಲ. ಅದನ್ನೂ ಹೇಳು. ನಮ್ಮಮ್ಮಂಗೆ ಲೆಕ್ಕ ಅಂದ್ರೆ ಪ್ರಾಣ."

ಎಷ್ಟೋ ವೇದಿಕೆ ಹತ್ತಿದ್ದೇನೆ, ನಿದ್ದೆ ಹೋದ ತೀರ್ಪುಗಾರರ ಮುಂದೆ ಮಾತಾಡಿದ್ದೇನೆ. ಹಾರ ಹಾಕಿದ ಫೋಟೋದ ಮುಂದೆ ನಿಂತದ್ದು ಅದೇ ಮೊದಲು. ಅಭ್ಯಾಸಬಲದಿಂದ ಬಾಯಿಂದ "ಮಾನ್ಯ ಅಧ್ಯಕ್ಷರೇ" ಎಂದೇ ಬಂದುಬಿಟ್ಟಿತು. ದಾದಿ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ಕಾಲಕ್ಕೆ ರಿಯಾಲೂ ರೂಪಾಯಿಯೂ ಒಂದೇ ತೂಕದ ಬೆಳ್ಳಿಯಾಗಿದ್ದದ್ದು, ಆಮೇಲೆ ಎರಡೂ ಡಾಲರಿನ ಕೈ ಹಿಡಿದದ್ದು, ಅರವತ್ತಾರರಲ್ಲಿ ನಮ್ಮದು ಜಾರಿದ್ದು, ತೊಂಬತ್ತೊಂದರಲ್ಲಿ ಮತ್ತೆ ಜಾರಿದ್ದು, ಎಲ್ಲ ಹೇಳಿದೆ. ನಿಮ್ಮ ಹತ್ತು ರೂಪಾಯಿ ಕೋಟಿನೊಳಗೆ ಕೂತಲ್ಲೇ ಕರಗಿತು, ಅದಕ್ಕೆ ನೀವೂ ಕಾರಣರಲ್ಲ, ಬಾವಾನೂ ಅಲ್ಲ, ಎಂದೆ. ಫೋಟೋದ ಹುಬ್ಬು ಗಂಟಾಗಿಯೇ ಇತ್ತು. ಎದುರು ಪಕ್ಷದಿಂದ ಒಂದೂ ಪ್ರಶ್ನೆ ಬರಲಿಲ್ಲ.

"ಮುಗೀತಾ?" ಎಂದರು ಅಜ್ಜಿ. "ಚೆನ್ನಾಗಿ ಓದ್ಕೊಂಡಿದ್ದೀಯ. ಆದ್ರೆ ಒಂದು ಮಾತು ಕೇಳ್ತೀನಿ. ಪಾರಿವಾಳ ಏನು ತಿಂತದೆ?"

"ಕಾಳು."

"ಡಾಲರ್ ತಿಂತದಾ?"

"ಇಲ್ಲ."

"ಮತ್ತೆ? ನಮ್ಮಮ್ಮ ಸಾಬರಿಗೆ ಹೇಳಿದ್ದೇನು? ಗಂಡನ ಹಕ್ಕಿಗಳ ಲೆಕ್ಕದಲ್ಲಿ ಅಂತ ತಾನೇ? ಮಾರಿದ್ದು ಹದಿನಾಲ್ಕು ಹಕ್ಕಿ. ಗೂಡಿಂದ ಒಂದೊಂದೇ ತೆಗೆದು ಬುಟ್ಟಿಗೆ ಹಾಕುವಾಗ ನಾನೇ ಎಣಿಸಿದ್ದೀನಿ. ಹದಿನಾಲ್ಕು ಹಕ್ಕಿಗೆ ಹೊಟ್ಟೆ ತುಂಬಬೇಕು. ಒಂದೂ ಕಮ್ಮಿ ಇಲ್ಲ, ಒಂದೂ ಜಾಸ್ತಿ ಇಲ್ಲ. ಅದೆಷ್ಟು ರಿಯಾಲ್ ಆಗತ್ತೋ ಆಗ್ಲಿ."

 ಈ ಮಾತನ್ನು ದಾದಿ ನನಗೆ ಮೊದಲ ದಿನವೇ ಹೇಳಿದ್ದಳು. ಹತ್ತು ರೂಪಾಯಿಯನ್ನು ಕೇಳಿಸಿಕೊಂಡ ನನ್ನ ಕಿವಿ ಹಕ್ಕಿಗಳ ಲೆಕ್ಕವನ್ನು ಬಿಟ್ಟುಬಿಟ್ಟಿತ್ತು.

"ಆಮೇಲೆ," ಎಂದರು ಅಜ್ಜಿ, ದಾದಿಯ ತಣ್ಣಗಾದ ಕಾಫಿಯನ್ನು ಬಿಸಿ ಮಾಡಲು ಎತ್ತಿಕೊಳ್ಳುತ್ತ, "ಈ ಸಲ ಬಾಯಲ್ಲಿ ಹೇಳಿದ್ರೆ ನಂಬಲ್ಲ. ವಿಡಿಯೋ ಕಾಲ್ ಮಾಡ್ಬೇಕು. ನಾನು ಕಣ್ಣಾರೆ ಎಣಿಸ್ತೀನಿ."

"ಮಾಡ್ತೀನಿ ಕಣೇ," ಎಂದಳು ದಾದಿ.

"ಮತ್ತೆ ಈ ನೋಟು ನೀನೇ ಇಟ್ಕೋ. ಇಲ್ಲಿ ನಡಿಯಲ್ವಂತೆ. ಇನ್ನೊಂದು ಮಾತು. ನಿಮ್ಮಪ್ಪನ ಮೇಲೆ ನಂಗೆ ಇವತ್ತು ಸಿಟ್ಟು ಬಂದಿದೆ. ಎರಡು ಮೂರು ದಿನ ಇರತ್ತೆ. ಹೋಗತ್ತೆ. ನೀನು ಅದನ್ನ ಕಳೆಯೋಕೆ ಫೋನ್ ಮಾಡ್ಬೇಡ."

ದಾದಿ ಮಾಡಲಿಲ್ಲ. ನಾಲ್ಕನೆಯ ದಿನ ಅವರೇ ಮಾಡಿದರು, ಬೇರೇನೋ ಕೇಳುವ ನೆಪದಲ್ಲಿ, ಕಡಲೆಹಿಟ್ಟಿನ ಬೆಲೆಯೋ ಏನೋ.

ಯಾತ್ರೆಗೆ ಹೋದ ಒಂದು ವಾರಕ್ಕೆ ದಾದಿ ಫೋನ್ ಮಾಡಿ ದಿನ ಹೇಳಿದಳು. ನಾನು ರಜೆ ಹಾಕಿ ಕೆ.ಆರ್. ಪುರಕ್ಕೆ ಹೋಗಿ ಅಜ್ಜಿಯ ಪಕ್ಕ ಕೂತೆ. ಈ ಸಲ ಸರಿಯಾದ ನಿಲ್ದಾಣದಲ್ಲೇ ಇಳಿದೆ. ನಮಗೆ ಮಧ್ಯಾಹ್ನ, ದಾದಿಗೆ ಇನ್ನೂ ಬೆಳಿಗ್ಗೆ. ಪರದೆಯಲ್ಲಿ ಮೊದಲು ಆಕಾಶ ಬಂತು, ಆಮೇಲೆ ದಾದಿಯ ಮೂಗು, ಆಮೇಲೆ ಒಂದು ಬೀದಿ ತುಂಬ ಪಾರಿವಾಳ. ಕಾಳಿನ ಪೊಟ್ಟಣ ಮಾರುವ ಹೆಂಗಸೊಬ್ಬಳು ಪಕ್ಕದಲ್ಲೇ ಕೂತಿದ್ದಳು. ಒಂದಕ್ಕೆ ಐದು ರಿಯಾಲ್. ದಾದಿ ಎರಡು ಕೊಂಡಿದ್ದಳು.

"ಹಾಕ್ಲಾ?"

"ಮೆಲ್ಲಗೆ ಹಾಕು, ಗುಂಪಾದ್ರೆ ಲೆಕ್ಕ ತಪ್ಪತ್ತೆ," ಎಂದರು ಅಜ್ಜಿ, ಕನ್ನಡಕ ಸರಿಮಾಡಿಕೊಂಡು.

ಎಣಿಕೆ ಶುರುವಾಯಿತು. ಒಂದು, ಎರಡು, ಆ ಕಪ್ಪು ಕತ್ತಿನದು ಮೂರು. ನಡುವೆ ಯಾರೋ ನಡೆದುಹೋಗಿ ಎಲ್ಲವೂ ಹಾರಿದವು, ಮತ್ತೆ ಇಳಿದವು. ಆರು, ಏಳು. ನನ್ನ ತಲೆ ಮಾತ್ರ ಬೇರೆ ಕಡೆ ಓಡುತ್ತಿತ್ತು. ಎರಡು ಪೊಟ್ಟಣ, ಹತ್ತು ರಿಯಾಲ್. ಹತ್ತು ರೂಪಾಯಿಗೆ ಹತ್ತು ರಿಯಾಲ್! ಬೆಳ್ಳಿಯ ಕಾಲದ ದರ, ಒಂದಕ್ಕೊಂದು, ತಾನಾಗಿ ಬಂದು ಕೂತಿದೆ. ನನ್ನ ಒಂಬತ್ತೂವರೆಗೂ ಕೂದಲೆಳೆಯ ದೂರ. ಚಾಚಾನಿಗೆ ಇದನ್ನು ಹೇಗೆ ಹೇಳಬೇಕೆಂಬ ವಾಕ್ಯವನ್ನು ಆಗಲೇ ಜೋಡಿಸುತ್ತಿದ್ದೆ.

"ಹದಿಮೂರು... ಹದಿನಾಲ್ಕು!" ಎಂದು ದಾದಿ ಅತ್ತಲಿಂದ ಕೂಗಿದಳು. "ಆಯ್ತು ನೋಡೇ! ಪೊಟ್ಟಣವೂ ಖಾಲಿ."

"ಎಲ್ಲಿ ಆಯ್ತು?" ಅಜ್ಜಿ ಪರದೆಗೆ ಬೆರಳು ಕುಟ್ಟಿದರು. "ಆ ಬಿಳಿ ರೆಕ್ಕೆದು ಎರಡ್ಸಲ ಬಂತು. ಹಾರಿ ಹೋಗಿ ಮತ್ತೆ ಬಂತು, ನಾನು ನೋಡಿದೆ. ಹದಿಮೂರೇ ಆಗಿರೋದು."

"ಬಿಳಿದು ಎರಡಿದಾವೆ ಕಣೇ ಇಲ್ಲಿ!"

"ಏ, ಹಕ್ಕಿ ಸಾಕಿದವನ ಮಗಳು ನಾನು. ನಂಗೆ ಹೇಳಿಕೊಡ್ತೀಯಾ? ಇನ್ನೊಂದು ಪೊಟ್ಟಣ ತಗೋ."

"ಅಜ್ಜೀ, ಬೇಡ," ಎಂದೆ ನಾನು ಗಾಬರಿಯಿಂದ. "ಹತ್ತಕ್ಕೆ ಹತ್ತು, ಸರಿಯಾಗಿ ಕೂತಿದೆ. ಇನ್ನೊಂದು ತಗೊಂಡ್ರೆ ಹದಿನೈದಾಗತ್ತೆ, ಅದು ಇತಿಹಾಸದಲ್ಲೇ ಇಲ್ದಿರೋ ದರ..."

ಇಬ್ಬರು ಮುದುಕಿಯರೂ, ಒಬ್ಬಳು ಇಲ್ಲಿಂದ, ಇನ್ನೊಬ್ಬಳು ಅಲ್ಲಿಂದ, ಒಟ್ಟಿಗೆ ಅಂದರು: "ನೀನು ಸುಮ್ನಿರು."

ದಾದಿ ಪೊಟ್ಟಣ ಮಾರುವವಳ ಕಡೆ ಐದು ರಿಯಾಲಿನ ನೋಟು ಚಾಚಿದಳು.